ಇರುವೆ ಮುಟ್ಟದ ಸಿಹಿ

ಕಳಸದ ಬಸ್ ಸ್ಟ್ಯಾಂಡಿನ ಪಕ್ಕ ಗಿಡ ಮಾರುವವನೊಬ್ಬ ನನ್ನ ಮೂಗಿನ ಮುಂದೆ ಒಂದು ಎಲೆ ಹಿಡಿದು, "ಅಗಿದು ನೋಡಿ ಅಕ್ಕ" ಎಂದಾಗ ನನಗೆ ಬಂದದ್ದು ಸಿಟ್ಟು. ಕಾರ್ತಿಕ ಸೋಮವಾರ. ಈಶ್ವರನ ಗುಡಿಯಲ್ಲಿ ಅತ್ತೆಯ ಕಣ್ಣಿಗಾಗಿ ಹರಕೆ ಹೇಳಿಕೊಂಡು ಬಂದಿದ್ದೆ. ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮೂಡಿಗೆರೆ ಬಸ್ಸು ಬರುವ ತನಕ ಗುಲಾಬಿ ಗಿಡ ನೋಡೋಣವೆಂದು ನಿಂತರೆ, ಹಸಿದವಳ ಕೈಗೆ ಎಲೆ ಕೊಡುತ್ತಾನಲ್ಲ!

"ನಾನೇನು ಆಡಾ ಮಾರಾಯ?" ಎಂದೆ.

"ಆಡಿಗೆಲ್ಲ ಇದನ್ನ ಕೊಡಲ್ಲ ಅಕ್ಕ. ಬಾಯಿಗೆ ಹಾಕಿ, ಆಮೇಲೆ ಬೈರಿ," ಎಂದ ಅವನು ನಗುತ್ತಾ.

ಬೈಯಬಹುದು ಎಂದ ಮೇಲೆ ನಾನು ಹಿಂದೆ ಸರಿಯುವವಳಲ್ಲ. ಹಾಕಿಕೊಂಡೆ. ಮೊದಲು ಬರೀ ಹಸಿ ಸೊಪ್ಪಿನ ವಾಸನೆ. ಸರಿ, ಬಾಯಿ ತೆರೆದೆ ಬೈಯಲಿಕ್ಕೆ. ಅಷ್ಟರಲ್ಲಿ ನಾಲಗೆಯ ಅಂಚಿನಿಂದ ಎದ್ದಿತು ನೋಡಿ, ಎಂಥ ಸಿಹಿ! ಬೆಲ್ಲದ ಹಾಗೆ ಬಾಯಲ್ಲಿ ಕರಗಿ ಮುಗಿಯುವ ಸಿಹಿಯಲ್ಲ; ಹೆಚ್ಚುತ್ತಲೇ ಹೋಯಿತು. ಬಾಯಿ ತೆರೆದವಳು ತೆರೆದೇ ನಿಂತೆ. ಹಣ್ಣು ಸಿಹಿ ಎಂದರೆ ಒಪ್ಪಬಹುದು, ಕಬ್ಬು ಸಿಹಿ ಎಂದರೆ ಒಪ್ಪಬಹುದು, ಜೇನು ಸರಿಯೇ ಸರಿ. ಆದರೆ ಎಲೆ? ಬೇಲಿಯ ಮೇಲೆ ಇದ್ದರೆ ಯಾರೂ ತಿರುಗಿ ನೋಡದಂಥ ಒಂದು ಬಡಪಾಯಿ ಎಲೆ?

"ಸ್ಟೀವಿಯಾ ಅಂತ. ಸಿಹಿ ಎಲೆ," ಎಂದ. "ಶುಗರ್ ಇದ್ದವ್ರೂ ಹಾಕ್ಕೊಳ್ತಾರೆ." ಇನ್ನೂ ಏನೇನೋ ಹೇಳುತ್ತಿದ್ದ. ಬಸ್ಸಿನ ಹಾರ್ನ್ ಕೇಳಿಸಿತು. ನಾಲ್ಕಾರು ಸಸಿಗಳ ಪ್ಲಾಸ್ಟಿಕ್ ಚೀಲ ಎದೆಗೆ ಅವುಚಿಕೊಂಡು, ಅವನ ಫೋನ್ ನಂಬರ್ ಬರೆದ ಚೀಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಬಸ್ಸಿನಲ್ಲಿ ಇನ್ನೊಂದು ಎಲೆ ಚಿವುಟಿ ಬಾಯಿಗಿಟ್ಟುಕೊಂಡೆ. ಬಾಳೆಹೊಳೆ ದಾಟಿದರೂ ಸಿಹಿ ಬಾಯಲ್ಲೇ ಇತ್ತು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಎಲ್ಲರೂ ನೀರುದೋಸೆಗೆ ಇಳಿದರು. ಅಷ್ಟು ಹಸಿವಿದ್ದರೂ ನಾನು ಇಳಿಯಲಿಲ್ಲ, ಎಲ್ಲಿ ಆ ರುಚಿ ಹೋಗಿಬಿಡುತ್ತದೋ ಎಂದು. ನಿಜ ಹೇಳಬೇಕೆಂದರೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹರಕೆ ಹೇಳಿಕೊಂಡು ಹೊರಗೆ ಬಂದವಳ ಬಾಯಿಗೇ ಉತ್ತರ ಇಟ್ಟನಲ್ಲ ಆ ಈಶ್ವರ ಎಂದು ನನಗೆ ಮೈ ಜುಮ್ಮೆಂದಿತ್ತು.

ಉತ್ತರ ಎಂದೆ. ಪ್ರಶ್ನೆ ಏನೆಂದು ಹೇಳಬೇಕು.

ನಮ್ಮದು ಬೆಲ್ಲದ ಅಂಗಡಿ. ಮಾವನ ಕಾಲದಿಂದ ಮೂಡಿಗೆರೆಯಲ್ಲಿ ನಾವು 'ಬೆಲ್ಲದವರು'. ಅಂಗಡಿಯ ಹಿಂದೆ ತಾರಸಿ ಮನೆ. ಊರ ಹೊರಗೆ ಸ್ವಲ್ಪ ಕಾಫಿ ತೋಟ ಇದೆ. ಪ್ಲಾಂಟರ್ ಎಂದು ಹೇಳಿಕೊಳ್ಳುವಷ್ಟು ಇಲ್ಲ, ನನ್ನ ಗಂಡ ಹೇಳಿಕೊಳ್ಳುತ್ತಾರೆ. ಮಾವ ಇಲ್ಲ. ಅತ್ತೆ ಇದ್ದಾರೆ. ಮನೆಯ ಯಜಮಾನಿಕೆ ಯಾರದು ಎಂದು ಕೇಳಿದರೆ ನಾನು ನನ್ನದು ಎನ್ನುತ್ತೇನೆ, ಆದರೆ ಪೂಜೆಯ ಹಾಲು ಕಾಯಿಸುವುದು ಬಿಟ್ಟರೆ ಒಲೆ ಹಚ್ಚುವುದು ಅತ್ತೆಯ ಪೂಜೆ ಮುಗಿದ ಮೇಲೆಯೇ.

ಆ ಪೂಜೆ ಹೇಗೆಂದರೆ, ಸ್ನಾನವಾದ ಮೇಲೆ ಅತ್ತೆ ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ವಿಭೂತಿ ಧರಿಸಿ, ಪತ್ರೆ ಏರಿಸಿ, ಆ ಕರಿಯ ಲಿಂಗವನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ಮಂತ್ರ ಹೆಚ್ಚಿಲ್ಲ. ನೋಡುವುದೇ ಪೂಜೆ. ಆಮೇಲೆ ಬೆಲ್ಲ ಹಾಕಿದ ಹಾಲನ್ನು ಲಿಂಗಕ್ಕೆ ಅರ್ಪಿಸಿ, ಅದೇ ಹಾಲನ್ನು ಪ್ರಸಾದವೆಂದು ಕುಡಿಯುತ್ತಾರೆ; ನಮ್ಮ ಅಂಗೈಗೂ ಒಂದೊಂದು ಚಮಚ ಬೀಳುತ್ತದೆ. ಇದರಲ್ಲಿ ಅವರದು ಎರಡು ಕಟ್ಟುಪಾಡು. ಅರ್ಪಿಸುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಅರ್ಪಿಸಿದ ಮೇಲೆ ಒಂದು ಹನಿಯನ್ನೂ ಚೆಲ್ಲುವಂತಿಲ್ಲ, ಬಿಡುವಂತಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹಾಲು ಸಿಹಿಯಾಗಿದೆಯೋ ಎಂದು ಬೆರಳು ಅದ್ದಿ ನೆಕ್ಕಿ ಬೈಸಿಕೊಂಡಿದ್ದೇನೆ.

ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು ಆ ವರ್ಷದ ಮಳೆಗಾಲದಲ್ಲಿ ಅತ್ತೆಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಸಕ್ಕರೆ ಕಾಯಿಲೆ ಕಣ್ಣಿನೊಳಗೆ ಇಳಿದಿದೆ ಎಂದರು. ಎಡಗಣ್ಣು ಆಗಲೇ ಮಂಜಾಗಿತ್ತು. "ಬಲಗಣ್ಣಾದ್ರೂ ಉಳಿಸ್ಕೊಳ್ಳೋಣ ಅಜ್ಜಿ. ಬೆಲ್ಲ, ಸಕ್ಕರೆ ಒಂದು ಚೂರೂ ಬೇಡ."

"ಬೆಲ್ಲ ನಾನೆಲ್ಲಿ ತಿಂತೀನಿ ಡಾಕ್ಟ್ರೆ, ಅವನು ತಿಂದು ಬಿಟ್ಟಿದ್ದಷ್ಟೇ ನಂಗೆ," ಎಂದರು ಅತ್ತೆ.

"ಯಾರಮ್ಮ ಅವನು?" ಎಂದು ಡಾಕ್ಟರು ನನ್ನ ಗಂಡನನ್ನು ನೋಡಿದರು. ಗಂಡ ತಲೆ ತಗ್ಗಿಸಿದರು, ತಾವೇ ತಾಯಿಗೆ ಎಂಜಲು ತಿನ್ನಿಸುತ್ತಿರುವ ಹಾಗೆ. ನನಗೆ ನಗು ತಡೆಯಲಾಗದೆ ಹೊರಗೆ ಬಂದೆ.

ಆ ನಗು ಮನೆ ತಲುಪುವಷ್ಟರಲ್ಲಿ ಆರಿತು. ಅತ್ತೆ ಚಪ್ಪಲಿ ಬಿಡುತ್ತಾ ಹೇಳಿದರು: "ಬೆಲ್ಲ ಕೊಟ್ರೆ ಅವನನ್ನ ನೋಡೋ ಕಣ್ಣು ಹೋಗ್ತದೆ. ಕಣ್ಣು ಬೇಕು ಅಂದ್ರೆ ಅವನ ಬಾಯಿಗೆ ಸಪ್ಪೆ ಇಡ್ಬೇಕು. ಎಂತ ಮಾಡ್ಲಿ, ನೀನೇ ಹೇಳು."

"ಅವನಿಗೆ ಬೆಲ್ಲದ ಹಾಲು ಇಡಿ, ನಿಮ್ಮ ಪಾಲು ನಾನು ಕುಡಿತೀನಿ," ಎಂದೆ.

"ಅವನಿಗೊಂದು ಅಡುಗೆ ನನಗೊಂದು ಅಡುಗೆ ಅಂತ ನಾನು ಯಾವತ್ತೂ ಉಂಡಿಲ್ಲ," ಎಂದರು.

ಮರುದಿನದಿಂದ ಬರೀ ಹಾಲು. ಅಂಗಡಿಯಲ್ಲಿ ಬೆಲ್ಲದ ಅಚ್ಚುಗಳು ಛಾವಣಿ ಮುಟ್ಟುವಷ್ಟು. ಗೋಡೆಯ ಈಚೆ ಅತ್ತೆ ಅಂಗೈ ಮೇಲಿನ ಲಿಂಗಕ್ಕೆ, "ಸಪ್ಪೆ ಇದೆ ಕಣಪ್ಪ, ಬೇಜಾರು ಮಾಡ್ಕೋಬೇಡ," ಎನ್ನುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತಿದ್ದರು. ನಾನು ಪಾತ್ರೆ ಕುಕ್ಕುತ್ತಿದ್ದೆ. ದೇವರ ಮೇಲೆ ಸಿಟ್ಟು ಬಂದರೆ ನನಗೆ ಕುಕ್ಕಲು ಪಾತ್ರೆ ಬಿಟ್ಟರೆ ಬೇರೇನಿದೆ? ಆ ಸಿಟ್ಟಿನಲ್ಲೇ ಕಳಸಕ್ಕೆ ಹೊರಟಿದ್ದು.

ಈಗ ಸಸಿಗಳ ಕತೆ. ನನ್ನ ಗಂಡ ಅವುಗಳನ್ನು ನೋಡಿದ ಕೂಡಲೇ ಪ್ಲಾಂಟರ್ ಆಗಿಬಿಟ್ಟರು. ತೋಟದ ಕಾಡುಮಣ್ಣು ತಂದರು, ಹಳೇ ಬಕೆಟ್ಟುಗಳಿಗೆ ತಳ ಕೊರೆದರು, ಕಾಫಿ ಸಿಪ್ಪೆಯ ಗೊಬ್ಬರ ಹಾಕಿದರು. ತಾರಸಿಯ ಮೇಲೆ ಸಾಲಾಗಿ ಇಟ್ಟು, ಮೇಲೆ ನೆರಳಿಗೆ ಹಸಿರು ಬಲೆ ಕಟ್ಟಲು ಹೊರಟರು.

"ಕಾಫಿಗಿಡ ಅಲ್ಲರೀ ಅದು, ಬಿಸಿಲು ಬೇಕಂತೆ," ಎಂದೆ.

"ನೆರಳಿಲ್ದೆ ಯಾವ ಗಿಡ ಬದುಕ್ತದೆ? ನೀ ಸುಮ್ನಿರು," ಎಂದರು. ಗಿಡಗಳು ನೆರಳಲ್ಲಿ ನೀಳ ಕತ್ತು ಚಾಚಿ ಸೊರಗುವುದನ್ನು ನೋಡಿ, ಅವರು ಅಂಗಡಿಯಲ್ಲಿದ್ದಾಗ ಬಲೆ ಕಿತ್ತು ಸುತ್ತಿ ಅಟ್ಟಕ್ಕೆ ಎಸೆದೆ. ಗಿಡಗಳು ಬಿಸಿಲು ಕುಡಿದು ಪೊದೆಯಾದವು. ಗಂಡ ಬಂದವರಿಗೆಲ್ಲ, "ನೋಡಿ, ಮಣ್ಣು ಹದ ಮಾಡೋದ್ರಲ್ಲಿದೆ," ಎಂದು ಹೇಳಿಕೊಂಡರು. ಹೇಳಿಕೊಳ್ಳಲಿ ಪಾಪ.

ಅತ್ತೆಯದೇ ಕಷ್ಟವಾಯಿತು. ಅರ್ಪಿಸದೆ ಅವರು ಬಾಯಿಗೆ ಹಾಕುವುದಿಲ್ಲ. ಬಾಯಿಗೆ ಹಾಕದೆ ಎಲೆ ಸಿಹಿ ಎಂದು ನಂಬುವುದಿಲ್ಲ. "ಎಲೆ ಸಿಹಿಯಂತೆ! ಯಾರೋ ಚೆನ್ನಾಗಿ ಟೋಪಿ ಹಾಕಿದಾನೆ ನಿಂಗೆ. ಬೆಲ್ಲದವರ ಸೊಸೆಗೆ ಸೊಪ್ಪು ಮಾರಿದಾನಲ್ಲ, ಅವನೇ ಜಾಣ." ನಾನು ಆಣೆ ಹಾಕಿದರೂ ಇಲ್ಲ. "ಸಿಹಿ ಹೌದಾದ್ರೆ ಇರುವೆ ಹೇಳ್ಬೇಕು. ನೀ ಹೇಳಿದ್ರೆ ಆಗಲ್ಲ," ಎಂದರು.

ಬೆಲ್ಲದ ಮನೆಯವರಿಗೆ ಇರುವೆಯೇ ಪಂಚಾಯ್ತಿದಾರ. ಬೆಲ್ಲ ಹಳತೋ ಹೊಸತೋ, ಚೆನ್ನಾಗಿದೆಯೋ ಇಲ್ಲವೋ, ಎಲ್ಲದಕ್ಕೂ ಮಾವ ಇರುವೆಯ ಸಾಲನ್ನೇ ನೋಡುತ್ತಿದ್ದರಂತೆ. ನಾನು ಒಣಗಿಸಿ ಪುಡಿ ಮಾಡಿದ ಎಲೆಯನ್ನು ಒಂದು ಬಾಳೆಲೆ ಚೂರಿನ ಮೇಲೆ ಇಟ್ಟೆ, ಪಕ್ಕದಲ್ಲೇ ಒಂದು ಚೂರು ಬೆಲ್ಲ. ಗೋಡೌನಿನ ಬಾಗಿಲ ಬಳಿ, ಇರುವೆಗಳ ಹಾದಿಯಲ್ಲೇ. ಅತ್ತೆ ಮಣೆ ಹಾಕಿಕೊಂಡು ಕೂತರು, ನಾನು ಸೊಂಟದ ಮೇಲೆ ಕೈ ಇಟ್ಟು ನಿಂತೆ. ಬೆಲ್ಲ ನೋಡುನೋಡುತ್ತಿದ್ದಂತೆ ಕಪ್ಪಾಯಿತು. ಎಲೆಪುಡಿಯ ಹತ್ತಿರ ಒಂದು ಇರುವೆ ಬಂತು, ಮೀಸೆ ಆಡಿಸಿತು, ಸುತ್ತು ಹಾಕಿ ಹೊರಟೇ ಹೋಯಿತು. ಇನ್ನೊಂದು ಬಂತು. ಅದೂ ಹೋಯಿತು. ನನ್ನ ಮುಖ ಹುಳ್ಳಗಾಯಿತು. ನಾಲಗೆ ತುಂಬ ಸಿಹಿ ಇರುವ ವಸ್ತುವನ್ನು ಇರುವೆ ಮೂಸಿ ಬಿಟ್ಟು ಹೋಗುವುದೆಂದರೇನು? ಸೋತೆ ಎಂದುಕೊಂಡು ಬಾಳೆಲೆ ಎತ್ತಲು ಬಗ್ಗಿದೆ.

"ಇರು," ಎಂದರು ಅತ್ತೆ. "ನೀ ನಿಜ ಹೇಳು. ನಿನ್ನ ಬಾಯಿಗೆ ಸಿಹಿಯಾಗಿದ್ದು ಹೌದಾ?"

"ಹೌದು ಅಂದೆನಲ್ಲ! ನಿಮ್ಮ ಮೇಲಾಣೆ, ನಿಮ್ಮ ಮಗನ ಮೇಲಾಣೆ!"

"ಅವನ ಮೇಲೆ ಯಾಕೆ ಹಾಕ್ತಿ, ಅವನೇನು ಮಾಡಿದಾನೆ," ಎಂದು ಗೊಣಗಿ, ಅವರು ಬಲಗಣ್ಣನ್ನು ಆ ಹಸಿರು ಪುಡಿಯ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಅವರು ಹೇಳಿದ ಮಾತು ನನಗೆ ಸಾಯುವ ತನಕ ಮರೆಯುವುದಿಲ್ಲ. "ಇಷ್ಟು ವರ್ಷ ಇರುವೆ ತಿಂದು ಮಿಕ್ಕಿದ ಬೆಲ್ಲಾನೇ ಅವನಿಗೆ ಕೊಟ್ಟೆನಲ್ಲ ಮಾರಾಯ್ತಿ. ಇದು ಯಾರೂ ಎಂಜಲು ಮಾಡದ ಸಿಹಿ. ನಾಳೆ ಹಾಲಿಗೆ ಇದನ್ನೇ ಹಾಕು."

ನನಗೆ ಸೋಲು ಕಂಡ ಕಡೆ ಅವರಿಗೆ ನೈವೇದ್ಯ ಕಂಡಿತ್ತು. ಅಬ್ಬಾ ಎನ್ನಿಸಿತು. ಅವರನ್ನು ಹಳೇ ಕಾಲದವರು ಎಂದು ಎಷ್ಟು ಸಲ ಮೂದಲಿಸಿದ್ದೆ ನಾನು!

ಮರುದಿನ ಎಲೆಗಳನ್ನು ಬಿಸಿ ಹಾಲಿಗೆ ಹಾಕಿ ಮುಚ್ಚಿಟ್ಟು, ಸೋಸಿ ಕೊಟ್ಟೆ. ಹಾಲು ಸ್ವಲ್ಪ ಹಸಿರಾಗಿತ್ತು. ರುಚಿ ನೋಡುವಂತಿಲ್ಲ, ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಿಲ್ಲ. ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಅತ್ತೆ ಅರ್ಪಿಸಿದರು, ಕಣ್ಣಿಗೊತ್ತಿಕೊಂಡರು, ಕುಡಿದರು. ಲೋಟ ಕೆಳಗಿಟ್ಟರು. ಆಮೇಲೆ ಕರೆದರು, ಕೈ ಒಡ್ಡು ಎಂದರು, ಚಮಚ ಹಾಕಿದರು. "ಸೊಪ್ಪಿನ ವಾಸನೆ ಇದೆ," ಎಂದರು. ಮತ್ತೆ, "ಆದ್ರೆ ಸಿಹಿ. ಎಂಥ ಸಿಹಿ," ಎಂದು ಅಂಗೈಯ ಲಿಂಗವನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟರು. ನನಗೂ ಅಳು ಬಂತು. ಅಂಗಡಿಯಿಂದ ಓಡಿಬಂದ ಗಂಡ ಯಾರು ಸತ್ತರು ಎಂದು ಕೇಳಿದರು.

ಊರಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು! "ಬೆಲ್ಲದವ್ರ ಮನೇಲಿ ಈಗ ಸೊಪ್ಪು ತಿಂತಾರಂತೆ" ಎಂದು ಗಿರಾಕಿಗಳು ನಗುತ್ತಿದ್ದರು. ಒಬ್ಬರಂತೂ ಮಾತ್ರೆಗಳನ್ನೆಲ್ಲ ಹೊಳೆಗೆ ಹಾಕಿ ಎಲೆಯನ್ನೇ ತಿನ್ನುವುದಾಗಿ ಹೊರಟಿದ್ದರು. ಅವರಿಗೆ ನಾನು ಅಂಗಡಿ ಕಟ್ಟೆಯ ಮೇಲೇ ಮಂಗಳಾರತಿ ಎತ್ತಿದೆ. ಡಾಕ್ಟರನ್ನು ನಾನು ಮೊದಲೇ ಕೇಳಿದ್ದೆ. "ಹಾಲಿಗೆ ಸ್ವಲ್ಪ ಹಾಕ್ಕೊಳ್ಳಿ, ತೊಂದ್ರೆ ಇಲ್ಲ. ಎಲೆ ಸಿಕ್ತು ಅಂತ ಮಾತ್ರೆ ಬಿಟ್ಟೀರಿ, ಜೋಕೆ," ಎಂದಿದ್ದರು. ಎಲೆ ಬೆಲ್ಲದ ಜಾಗದಲ್ಲಿ ಕೂರುತ್ತದೆ, ಮದ್ದಿನ ಜಾಗದಲ್ಲಿ ಅಲ್ಲ. ಅಷ್ಟು ತಿಳಿಯದಿದ್ದರೆ ಹೇಗೆ?

ಇಷ್ಟಾಗಿ ನಾವು ಮಾಡಿದ ತಪ್ಪು ಕೇಳಿ. ಕಾಫಿ ಸೀಮೆಯವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಸಂಕ್ರಾಂತಿಯ ಆಸುಪಾಸಿನಲ್ಲಿ ಗಿಡಗಳ ತುದಿಯಲ್ಲಿ ಬಿಳಿ ಮೊಗ್ಗು ಕಂಡವು. ಗುಂಡುಸೂಜಿಯ ತಲೆಯಷ್ಟು. ನನ್ನ ಗಂಡ ತಾರಸಿಯಿಂದಲೇ ಕೂಗಿದರು, "ಬ್ಲಾಸಮ್! ಬ್ಲಾಸಮ್ ಬಂತು ಕಣೇ!" ನಮ್ಮ ಕಡೆ ಹೂವೆಂದರೆ ಏನು ಅಂದುಕೊಂಡಿರಿ? ಬೇಸಿಗೆಯಲ್ಲಿ ಒಂದು ಹೂಮಳೆ ಬಿದ್ದು ಕಾಫಿ ಅರಳಿತೆಂದರೆ ಮುಂದಿನ ವರ್ಷದ ಬದುಕು ಅರಳಿತು ಎಂದು ಅರ್ಥ. ಆ ಹೂವನ್ನು ಯಾರೂ ಕೀಳುವುದಿಲ್ಲ. ಮುಡಿಯಲು ಇಲ್ಲ, ದೇವರಿಗೂ ಇಲ್ಲ. ಹೂ ಬಿಟ್ಟ ದಿನ ತೋಟಕ್ಕೆ ಹೋದರೆ ಸೆರಗು ಬಿಗಿದುಕೊಂಡು ನಡೆಯಬೇಕು, ತಗುಲಿ ಒಂದು ಎಸಳು ಉದುರಬಾರದು. ಹಾಗೆ ಬೆಳೆದವರ ತಾರಸಿಯ ಮೇಲೆ ಗಿಡವೊಂದು ಹೂ ಬಿಟ್ಟರೆ ನಾವು ಕೈ ಮುಗಿಯದೆ ಇರುತ್ತೇವೆಯೇ? ಅರಳಿದ ಹೂ ಕಾಯಿಕಚ್ಚಲು ಇನ್ನೊಂದು ಮಳೆ ಬೇಕೆಂದು ಕಾಫಿ ತೋಟದಲ್ಲಿ ಕಾಯುವ ಹಾಗೆ, ಗಂಡ ಸಂಜೆ ಸಂಜೆ ಜರಡಿ ಡಬ್ಬದಲ್ಲಿ ನೀರು ಚಿಮುಕಿಸಿದರು. ಅತ್ತೆ ಮೆಟ್ಟಿಲು ಹತ್ತಿ ಬಂದು ಗಿಡಗಳಿಗೆ ದೃಷ್ಟಿ ತೆಗೆದರು. ನಾನು ಎಲೆ ಬಿಡಿಸುವಾಗ ಹೂವಿಗೆ ಬೆರಳು ತಾಕದ ಹಾಗೆ ಬಿಡಿಸುತ್ತಿದ್ದೆ. ಗಿಡಗಳ ತುಂಬ ಹೂವೋ ಹೂವು. ನಮ್ಮ ಸಂಭ್ರಮ ಹೇಳತೀರದು.

ಆ ದಿನಗಳಲ್ಲೇ ಅತ್ತೆ ಪ್ರಸಾದ ಕೊಡುವುದನ್ನು ನಿಲ್ಲಿಸಿದರು.

ನಾನು ಕೈ ಒಡ್ಡಿದರೆ, "ಇವತ್ತು ಸ್ವಲ್ಪವೇ ಇತ್ತು, ಕುಡಿದುಬಿಟ್ಟೆ," ಎನ್ನುತ್ತಿದ್ದರು. ಮರುದಿನ ಹೆಚ್ಚು ಹಾಲು ಇಟ್ಟೆ. ಅದನ್ನೂ ಮುಗಿಸಿ ಲೋಟ ತೊಳೆದೇ ಇಟ್ಟಿದ್ದರು. ದಿನವೂ ಹೀಗೇ. ನನಗೆ ಒಳಗೊಳಗೇ ಕುದಿಯಿತು. ಬೆಲ್ಲ ಇದ್ದಾಗ ಊರಿಗೆಲ್ಲ ಹಂಚುತ್ತಿದ್ದವರು ಈಗ ಒಂದು ಚಮಚಕ್ಕೂ ಗತಿಯಿಲ್ಲದ ಹಾಗೆ ಮಾಡುತ್ತಾರಲ್ಲ! "ನಿಮ್ಮ ಅಮ್ಮ ವಯಸ್ಸಾದ ಮೇಲೆ ಆಸೆಬುರುಕಿ ಆದ್ರು," ಎಂದು ಗಂಡನಿಗೆ ಹೇಳಿದೆ. "ಕುಡೀಲಿ ಬಿಡೇ, ಎಷ್ಟು ದಿನ ಸಪ್ಪೆ ಕುಡಿದ್ರು," ಎಂದರು ಅವರು. ಅದೂ ಸರಿಯೇ ಎಂದು ಬಾಯಿ ಮುಚ್ಚಿಕೊಂಡೆ. ಆದರೂ ಒಂದು ವಿಷಯ ನನ್ನ ಗಮನಕ್ಕೆ ಬಂದಿತ್ತು. ಪೂಜೆ ಮುಗಿದ ಮೇಲೆ ಅತ್ತೆ ತುಂಬ ನೀರು ಕುಡಿಯುತ್ತಿದ್ದರು.

ಶಿವರಾತ್ರಿಯ ಮರುದಿನ ಬೆಳಿಗ್ಗೆ, ಉಪವಾಸ ಬಿಡುವ ಹೊತ್ತು. ಅತ್ತೆ ಪೂಜೆ ಮುಗಿಸಿ ಲೋಟ ಎತ್ತಿದ್ದರು. ನನ್ನ ಗಂಡ ಅಲ್ಲೇ ಕೂತು, "ಅಮ್ಮ, ಇವತ್ತಾದ್ರೂ ಪ್ರಸಾದ ಕೊಡು," ಎಂದರು. ಅತ್ತೆ ಕೇಳಿಸದ ಹಾಗೆ ಲೋಟ ಬಾಯಿಗೆ ಹಿಡಿದರು. ಗಂಡ ಚಿಕ್ಕ ಹುಡುಗನ ಹಾಗೆ ಎದ್ದುಹೋಗಿ, ನಗುತ್ತಾ ತಾಯಿಯ ಕೈಯಿಂದ ಲೋಟ ಕಿತ್ತು ಒಂದು ದೊಡ್ಡ ಗುಟುಕು ಹಾಕಿಕೊಂಡೇಬಿಟ್ಟರು.

ನುಂಗಲಿಲ್ಲ. ಉಗುಳಲಿಕ್ಕೂ ಆಗದು, ಪ್ರಸಾದ. ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಕೆಂಪು ಮಾಡಿಕೊಂಡು ನಿಂತರು. ನಾನು ಗಾಬರಿಯಾಗಿ ಲೋಟ ಇಸಕೊಂಡು ನಾಲಗೆಗೆ ತಾಗಿಸಿದೆ. ಕಹಿ. ಸಿಹಿಯ ನೆನಪೂ ಇಲ್ಲದ ಹಸಿ ಕಹಿ, ಗಂಟಲು ಹಿಡಿಯುವಂಥದ್ದು.

"ಎಷ್ಟು ದಿನದಿಂದ ಹೀಗಿದೆ?" ಎಂದು ಕಿರುಚಿದೆ.

"ಹೂ ಬಂದಾಗಿಂದ," ಎಂದರು ಅತ್ತೆ. ಲೋಟ ವಾಪಸು ತೆಗೆದುಕೊಂಡು, ಉಳಿದಿದ್ದನ್ನು ತಳ ಕಾಣುವ ತನಕ ಕುಡಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಕಹಿ ಅಂತ ಹೇಳೋಕೆ ಏನಾಗಿತ್ತು ನಿಮ್ಗೆ?"

"ಯಾರಿಗೆ ಹೇಳ್ಲಿ? ನಿಂಗೆ ಹೇಳಿದ್ರೆ ಗಿಡ ಕಿತ್ತು ರೋಡಿಗೆ ಬಿಸಾಡ್ತಿದ್ದೆ, ನಿನ್ನ ಸಿಟ್ಟು ನಂಗೊತ್ತಿಲ್ವಾ? ಇವನಿಗೆ ಹೇಳಿದ್ರೆ, ಅಷ್ಟು ಆಸೆಯಿಂದ ನೀರು ಹಾಕ್ತಾನೆ. ಒಂದಿನ ಸಿಹಿ ಕೊಟ್ಟ ಗಿಡ, ಇನ್ನೊಂದಿನ ಕೊಡಲ್ವಾ ಅಂತ ಕಾಯ್ತಿದ್ದೆ." ಅಂಗೈಯ ಲಿಂಗದ ಕಡೆ ನೋಡಿದರು. "ಅದೂ ಅಲ್ದೆ, ಅವನೇ ಒಂದು ಮಾತಾಡ್ದೆ ಉಂಡ. ಅವನು ಉಂಡಿದ್ದಕ್ಕೆ ನಾನು ಮುಖ ಕಿವುಚೋದಾ?"

ದಿನ ದಿನ ಕಹಿಯನ್ನು ತಾನೇ ಕುಡಿದು, ನಮ್ಮ ಕೈಗೆ ಬೀಳದ ಹಾಗೆ ಲೋಟ ತೊಳೆದಿಟ್ಟವರನ್ನು ನಾನು ಆಸೆಬುರುಕಿ ಎಂದಿದ್ದೆ. ಬೆಲ್ಲ ಗೋಡೆಯ ಆಚೆಯೇ ಇತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಅವನನ್ನು ನೋಡುವ ಒಂದು ಕಣ್ಣಿಗಾಗಿ ಅವರು ಚಾಚಲಿಲ್ಲ. ಮನುಷ್ಯರಲ್ಲಿ ಇಂಥ ಗಟ್ಟಿತನ ಎಲ್ಲಿಂದ ಬರುತ್ತದೋ, ನನಗೆ ಈಗಲೂ ಗೊತ್ತಿಲ್ಲ. ನನ್ನ ಗಂಡ ಕೊನೆಗೂ ಗುಟುಕನ್ನು ನುಂಗಿ ಒಂದು ಚೊಂಬು ನೀರು ಕುಡಿದರು.

ಕಳಸದ ಗಿಡದವನಿಗೆ ಫೋನ್ ಮಾಡಿದೆ. ಬೈಯಲು ತಯಾರಾಗಿಯೇ ಮಾಡಿದ್ದು. ವಿಷಯ ಕೇಳಿ ಅವನೇ ಬೈದ.

"ಹೂ ಬಿಡೋಕೆ ಬಿಟ್ರಾ? ಅಯ್ಯೋ ಮಾರಾಯ್ರೆ! ಹೂ ಬಂತು ಅಂದ್ರೆ ಗಿಡದ ಸತ್ವ ಎಲ್ಲ ಬೀಜದ ಕಡೆಗೆ. ಎಲೇಲಿ ಎಂತ ಉಳೀತದೆ? ಮೊಗ್ಗು ಕಂಡ ಕೂಡ್ಲೆ ಚಿವುಟ್ಬೇಕು."

"ಮೊದ್ಲೇ ಹೇಳೋದಲ್ವಾ?"

"ಹೇಳ್ತಾನೇ ಇದ್ದೆ ಅಕ್ಕ. ನೀವು ಬಸ್ ಬಂತು ಅಂತ ಓಡಿದ್ರಿ."

ಬಾಯಿ ಮುಚ್ಚಿಕೊಂಡೆ. ನನ್ನ ಜೀವನದಲ್ಲಿ ಅದು ಅಪರೂಪ. ಗಿಡಗಳನ್ನು ಮಣ್ಣಿನಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಹೊಸ ಚಿಗುರು ಬರಲು ಬಿಟ್ಟು, ಮುಂದೆ ತುದಿಯಲ್ಲಿ ಬಿಳಿ ಕಂಡರೆ ದಯೆ ತೋರಿಸದೆ ಚಿವುಟಬೇಕು ಎಂದು ಅವನು ಹೇಳಿದ. ನನ್ನ ಗಂಡ ಕತ್ತರಿ ಹಿಡಿದು ತಾರಸಿಗೆ ಹೋದವರು ಕತ್ತರಿ ಆಡಿಸದೆ ವಾಪಸು ಬಂದರು. "ಹೂ ಬಿಟ್ಟ ಗಿಡ ಕಣೇ. ಕೈ ಬರಲ್ಲ," ಎಂದರು. ಕೊನೆಗೆ ನಾನೇ ಕತ್ತರಿಸಿದೆ. ಕಹಿ ನೆನಪಿತ್ತು, ಕೈ ಚೆನ್ನಾಗಿ ಬಂತು.

ಯುಗಾದಿಯ ಹೊತ್ತಿಗೆ ಚಿಗುರು ಇನ್ನೂ ಎಳೆಯದು. ಅತ್ತೆ ಬೇವು ಮಾತ್ರ ತಿಂದರು. "ಈ ವರ್ಷ ನಂಗೆ ಬೇವು ಸ್ವಲ್ಪ ಮುಂಚೆನೇ ಶುರುವಾಯ್ತು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಲ ಕಣ್ಣು ತೋರಿಸಿ ಬಂದಿದ್ದೆವು. ಬಲಗಣ್ಣು ಇದ್ದ ಹಾಗೇ ಇದೆ, ಆದರೆ ಹೀಗೇ ಇರುತ್ತದೆ ಎಂದು ಮಾತು ಕೊಡಲಾರೆ ಎಂದಿದ್ದರು ಡಾಕ್ಟರು. ಆ ಮಾತನ್ನು ಅತ್ತೆ ಒಮ್ಮೆಯೂ ಎತ್ತಲಿಲ್ಲ. ಪೂಜೆಗೆ ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ಕೂರತೊಡಗಿದರು. ಎಷ್ಟು ನೋಡಲಾಗುತ್ತದೋ ಅಷ್ಟನ್ನೂ ನೋಡಿಟ್ಟುಕೊಳ್ಳುವವರ ಹಾಗೆ.

ಚಿಗುರು ಪೊದೆಯಾದ ಮೇಲೆ ಒಂದು ಬೆಳಿಗ್ಗೆ ತುದಿಗಳಲ್ಲಿ ಮತ್ತೆ ಬಿಳಿ ಕಂಡಿತು. ನಾನು ಚಿವುಟಲು ಕೈ ಹಾಕಿದೆ. "ತಡಿ," ಎಂದು ಹಿಂದಿನಿಂದ ಅತ್ತೆಯ ದನಿ. ಸೆರಗಿನ ತುದಿ ಹಿಡಿದು, ಪೂಜೆಯ ತಟ್ಟೆ ಸಮೇತ ತಾರಸಿಗೆ ಹತ್ತಿ ಬಂದಿದ್ದರು. ಬೈಯುತ್ತಾರೆ ಎಂದುಕೊಂಡೆ, ಹೂ ಬಿಡುವ ಗಿಡದ ಕತ್ತು ಮುರಿಯುತ್ತಿದ್ದೆನಲ್ಲ.

"ಕ್ರಮ ಅಂದ್ರೆ ಕ್ರಮ, ಚಿವುಟ್ಲೇಬೇಕು," ಎಂದೆ ನಾನೇ ಮೊದಲು.

"ಚಿವುಟ್ಬೇಡ ಅಂದ್ನಾ? ನೀ ಚಿವುಟಿ ನೆಲಕ್ಕೆ ಹಾಕ್ತಿ. ನಂಗೆ ಕೊಡು. ಗಿಡಕ್ಕೆ ಬೇಡದ ಹೂ ಅವನಿಗೆ ಬೇಕಾಗ್ತದೆ."

ಬಲಗಣ್ಣನ್ನು ಗಿಡಕ್ಕೆ ತಾಗುವಷ್ಟು ಹತ್ತಿರ ತಂದು, ಬೆರಳ ತುದಿಯಲ್ಲಿ ತಡಕಿ, ಒಂದೊಂದೇ ಬಿಳಿ ಚುಕ್ಕೆಯನ್ನು ಬಿಡಿಸಿ ತಟ್ಟೆಗೆ ಹಾಕಿಕೊಂಡರು. ಆಯುಷ್ಯವೆಲ್ಲ ಕಾಫಿ ಹೂವಿಗೆ ಸೆರಗು ತಾಗಿಸದೆ ನಡೆದವರು ಇಲ್ಲಿ ಹೂ ಕಿತ್ತರೇ ಎಲೆ ಸಿಹಿ ಎನ್ನುವುದನ್ನು ಒಂದೇ ಮಾತಿಗೆ ಒಪ್ಪಿಕೊಂಡರು.

ಕೆಳಗೆ ಬಂದು ಪೂಜೆಗೆ ಕೂತರು. ನಾನು ಹಾಲಿಗೆ ಎಲೆ ಹಾಕಿ ತಂದಿಟ್ಟೆ. ಈಗಲೂ ರುಚಿ ನೋಡುವಂತಿಲ್ಲವಲ್ಲ. ಅರ್ಪಿಸಿದರು. ಲೋಟ ಎತ್ತಿ ಒಂದು ಗುಟುಕು ಕುಡಿದರು. ಹಾಗೇ ಕಣ್ಣು ಮುಚ್ಚಿ ಕೂತರು. ಮುಖ ಅಲುಗದವರು ಅವರು, ನಾನು ಏನೆಂದು ಓದಲಿ? ಬಾಗಿಲಲ್ಲಿ ನಿಂತ ಗಂಡನಿಗೂ ಧೈರ್ಯವಿಲ್ಲ, ಹಿಂದಿನ ಗುಟುಕು ಮರೆತಿರಲಿಲ್ಲ.

"ಇಬ್ರೂ ಬನ್ನಿ. ಕೈ ಒಡ್ಡಿ," ಎಂದರು ಅತ್ತೆ.

ಕೈಗೆ ಬಿದ್ದ ಮೇಲೆ ಕೇಳಬೇಕಾಗಿಯೇ ಇರಲಿಲ್ಲ. ಅವರು ಪ್ರಸಾದ ಹಂಚಿದರು ಎಂದರೆ ಅದು ಸಿಹಿ ಎಂದೇ ಅರ್ಥ. ಆದರೂ ಅಂಗೈಯನ್ನು ನೆಕ್ಕಿದೆ, ಬೆರಳ ಸಂದಿಯನ್ನೂ ಬಿಡಲಿಲ್ಲ. ಕಳಸದ ಬಸ್ಸಿನಲ್ಲಿ ಬಾಯಿ ತುಂಬಿಕೊಂಡು ಬಂದ ಅದೇ ಸಿಹಿ.

"ಅಷ್ಟು ದಿನ ಕಹಿ ಉಣ್ಣಿಸಿದೆ," ಎಂದರು ಅತ್ತೆ ಅಂಗೈಯನ್ನೇ ನೋಡುತ್ತಾ. "ಒಂದಿನಾನೂ ಕೈಬಿಟ್ಟು ಹೋಗ್ಲಿಲ್ಲ ನೋಡು ಇವನು."

ನಾನು ಬಗ್ಗಿ ನೋಡಿದೆ. ಕರಿಯ ಲಿಂಗದ ನೆತ್ತಿಯ ಮೇಲೆ ಬಿಳಿಯ ಹೂ, ಸಾಸಿವೆಗಿಂತ ಚೂರು ದೊಡ್ಡದು. ಎರಡು ಒಳ್ಳೆಯ ಕಣ್ಣಿರುವ ನನಗೇ ಹುಡುಕಬೇಕಾಯಿತು. ಕೇಳಿಯೇಬಿಟ್ಟೆ.

"ಅತ್ತೆ, ಹೂ ಕಾಣ್ತದಾ?"

"ಕಾಣ್ತದೆ ಮಾರಾಯ್ತಿ. ಅವನ ತಲೆ ಮೇಲಿನ ಹೂವೂ ಕಾಣ್ತದೆ, ನಿನ್ನ ಮೂಗಿನ ತುದಿಯ ಸಿಟ್ಟೂ ಕಾಣ್ತದೆ."

ಈಗ ದಿನವೂ ಇದೇ ಕ್ರಮ. ಮಳೆಗಾಲದಲ್ಲಿ ಗಿಡಗಳನ್ನು ಅಂಗಡಿಯ ಮುಂದಿನ ಚಾವಡಿಗೆ ಇಳಿಸುತ್ತೇವೆ, ಬೆಲ್ಲದ ಅಚ್ಚುಗಳ ಎದುರಿಗೇ. ತಾರಸಿಯ ಮೇಲೇ ಬಿಟ್ಟರೆ ಮಳೆಗೆ ಬುಡ ಕೊಳೆಯುತ್ತದೆ. ಅತ್ತೆ ತಡಕಿ ತಡಕಿ ಹೂ ಬಿಡಿಸುತ್ತಾರೆ. ಬೆರಳಿಗೆ ಸಿಕ್ಕಿದ್ದೋ ಕಣ್ಣಿಗೆ ಕಂಡಿದ್ದೋ ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ಅವರು ಪೂಜೆಗೆ ಕೂತು ಲಿಂಗಕ್ಕೆ ಹೂ ಏರಿಸಿದ ಮೇಲೆ ಅಡುಗೆಮನೆಯಿಂದ ಕೂಗುತ್ತೇನೆ, ಹೂ ಕಾಣ್ತದಾ ಎಂದು. ಕೆಲವು ದಿನ ಉತ್ತರ ಬರಲು ತಡವಾಗುತ್ತದೆ. ಕಾಣ್ತದೆ ಎಂದು ಅವರು ಹೇಳುವ ತನಕ ನಾನು ಒಲೆ ಹಚ್ಚುವುದಿಲ್ಲ.